‘ತ’ ‘ದ’ ಆಗುವ ಬೀದಿ

ಕೆಮಿ ಊರಿನ ಶಾಲೆ. ಬೆಳಗ್ಗೆ ಒಂಬತ್ತಾದರೂ
ಕಿಟಕಿಯಲ್ಲಿ ಇನ್ನೂ ರಾತ್ರಿ.
ಹೀಟರಿನ ಮೇಲೆ ಹದಿನೇಳು ಜೊತೆ ಕೈಗವಸು,
ಒದ್ದೆ ಉಣ್ಣೆಯ ವಾಸನೆ.
ಬೂಟು ಕಳಚಿಟ್ಟು ಕಾಲುಚೀಲದಲ್ಲೇ ಕೂತ ಮಕ್ಕಳು,
ಇಬ್ಬಿಬ್ಬರಿಗೆ ಒಂದು ಲ್ಯಾಪ್‌ಟಾಪು.

ರಾಯ್ಲಿ ಟೀಚರು ಇವತ್ತು ವ್ಯಾಕರಣದ ಪುಸ್ತಕ ತರಲಿಲ್ಲ.
‘ಈ ಪೆಟ್ಟಿಗೆಗೆ ಫಿನ್ನಿಶ್ ಬರೋದಿಲ್ಲ,’ ಅಂದರು,
‘ನೀವೇ ಕಲಿಸಿ. ಹೇಳಿದಷ್ಟು ಮಾಡುತ್ತೆ, ಊಹಿಸೋದಿಲ್ಲ.’

ಮೊದಲ ಸಾಲು ಸುಲಭ: ಪದ ತಗೋ, ಕೊನೆಗೆ ‘ಲ್ಲ’ ಹಚ್ಚು.
ನಮ್ಮ ‘ಅಲ್ಲಿ’ಗೆ ನೆಂಟನೇನೋ ಅನ್ನಿಸುವ ‘ಲ್ಲ’;
ನೆಂಟನಲ್ಲ, ಬರೀ ಮುಖಚಹರೆ.
ತಲೊ ಅಂದರೆ ಮನೆ. ತಲೊಲ್ಲ, ಮನೆಯ ಬಳಿ. ಸರಿ.
ಕಲ ಅಂದರೆ ಮೀನು. ಕಲಲ್ಲ. ಮೀನಿಗೂ ಒಂದು ‘ಬಳಿ’ ಸಿಕ್ಕಿತು.
ಕತು ಅಂದರೆ ಬೀದಿ.
ಪರದೆ ತಡಮಾಡದೆ ಬರೆಯಿತು: ಕತುಲ್ಲ.

ಇಡೀ ತರಗತಿ ಬಿದ್ದುಬಿದ್ದು ನಕ್ಕಿತು.
‘ಕದುಲ್ಲ! ಕದುಲ್ಲ!’ ಮೇಜು ಬಡಿದ ಓಯ್ವ,
ವ್ಯಾಕರಣದಲ್ಲಿ ಹತ್ತಕ್ಕೆ ನಾಲ್ಕು ತೆಗೆಯುವ ಓಯ್ವ.
‘ದ ಯಾಕೆ?’
‘ಹಾಗೇ.’
‘ಹಾಗೇ ಅಂತ ಪೆಟ್ಟಿಗೆಗೆ ಹೇಳು, ನೋಡೋಣ.’
ಹೇಳಿದ. ಕೆಂಪಕ್ಷರದಲ್ಲಿ ಬೈಸಿಕೊಂಡ.

ನಗದೆ ಕೂತವಳು ಜ್ಲಾತ ಒಬ್ಬಳೇ.
ಪೋಲ್ತಾವದಿಂದ ಬಂದು ಒಂದೂವರೆ ವರ್ಷ.
ಹೋದ ತಿಂಗಳು ಇದೇ ಕೋಣೆಯಲ್ಲಿ
‘ಕತುಲ್ಲ’ ಅಂದಿದ್ದು ಅವಳು. ಆಗಲೂ ಇದೇ ನಗು.
ಈಗ ಪರದೆ ನೋಡಿದಳು:
ಕಲಿತಷ್ಟನ್ನು ಪ್ರಾಮಾಣಿಕವಾಗಿ ಪಾಲಿಸಿ
ನಗೆಪಾಟಲಾದವರು ಇನ್ನೊಬ್ಬರಿದ್ದಾರೆ.

ಎದ್ದು ಬಂದು ಓಯ್ವನನ್ನು ಸರಿಸಿ ಕೂತಳು.
ಇಲ್ಲೇ ಹುಟ್ಟಿದವರಿಗೆ ಬೀದಿ ಗೊತ್ತು, ನಕ್ಷೆ ಗೊತ್ತಿಲ್ಲ.
ನಕ್ಷೆ ಇದ್ದದ್ದು ಅವಳ ನೋಟುಬುಕ್ಕಿನಲ್ಲಿ,
ಅಳಿಸಿ ಅಳಿಸಿ ಬರೆದ ಪೆನ್ಸಿಲಿನಲ್ಲಿ.
ಒಂದು ವೇಳೆ ಎರಡು ಸ್ವರಗಳ ನಡುವೆ ‘ತ’ ಸಿಕ್ಕಿಬಿದ್ದರೆ,
ಒಂದು ವೇಳೆ ಹಿಂದೆಯೇ ಪ್ರತ್ಯಯ ಬಂದು ನಿಂತರೆ,
‘ತ’ವನ್ನು ‘ದ’ ಮಾಡು.
ಮಳೆಗಾಲ ಅನ್ನುವಾಗ, ಬೆಟ್ಟದಾವರೆ ಅನ್ನುವಾಗ
ನಮ್ಮ ನಾಲಿಗೆಯೂ ಯಾರನ್ನೂ ಕೇಳದೆ
ಮಾಡುತ್ತ ಬಂದದ್ದು ಹೀಗೇನೇ.
ಗುಂಡಿ ಒತ್ತಿದಳು. ಕದುಲ್ಲ.
‘ಇದಕ್ಕೊಂದು ನಿಯಮ ಇದೆಯಾ?’ ಬೆರಗಾದ ಓಯ್ವ,
‘ನಾನು ಇಷ್ಟು ದಿನ ಅದನ್ನ ಪಾಲಿಸ್ತಿದ್ದೆನಾ?’

ಆಮೇಲೆ ಪೆಟ್ಟಿಗೆಗೆ ಹುಚ್ಚು ಹಿಡಿಯಿತು. ಸಿಕ್ಕ ‘ತ’ ಎಲ್ಲ ‘ದ’.
ಔತೊ, ಕಾರು, ಔದೊಲ್ಲ ಆಯಿತು.
ಮತ್ತೆ ನಗು, ಈ ಸಲ ಜ್ಲಾತಳದೂ ಸೇರಿ.
ಯಾರೋ ಅವಳ ಹೆಸರನ್ನೇ ಕೊಟ್ಟು ನೋಡಿದರು:
ಜ್ಲಾದಲ್ಲ.
ಕನ್ನಡದ ಕಿವಿಗೆ ಕೇಳಿಸುವುದೇ
ಅವಳ ಮುಖದ ಮೇಲೂ ಇತ್ತು:
ಜ್ಲಾದ ಅಲ್ಲ.

‘ಹೊರಗಿನಿಂದ ಬಂದ ಪದಗಳನ್ನ,’ ರಾಯ್ಲಿ ಕನ್ನಡಕ ಒರೆಸುತ್ತ ಹೇಳಿದರು,
‘ನಮ್ಮ ಭಾಷೆ ಬಹಳ ಕಾಲ ಮುಟ್ಟೋದಿಲ್ಲ.
ಇದ್ದ ಹಾಗೇ ಇರೋಕೆ ಬಿಡುತ್ತೆ.’
ಒಂದು ವೇಳೆ ಪದ ಹೊರಗಿನದಾದರೆ,
ಜ್ಲಾತ ಬೆರಳು ಆಡಿಸಿದಳು, ಬಿಟ್ಟುಬಿಡು.
ಪಟ್ಟಿಯಲ್ಲಿ ಕಾರು ಮೊದಲು, ತಾನು ಎರಡನೆಯವಳು.
ಗುಂಡಿ ಒತ್ತುವ ಮುಂಚೆ
ಆ ಸಾಲನ್ನೇ ಸ್ವಲ್ಪ ಹೊತ್ತು ನೋಡಿದಳು.

ಸಂಜೆ, ಅಂದರೆ ಮೂರಕ್ಕೇ ಕವಿದ ಕತ್ತಲು.
ಅಮ್ಮ ಆಲೂಗಡ್ಡೆ ಹೆರೆಯುತ್ತಿದ್ದಳು.
‘ಅಮ್ಮಾ, ಕೈಗೆ ರುಕಾ ಅಂತೀವಿ. ಕೈಯಲ್ಲಿ ಅನ್ನೋವಾಗ ರುತ್ಸಿ.
ಆ ‘ಕ’ ಎಲ್ಲಿ ಹೋಯ್ತು?’
ಚಾಕು ನಿಂತಿತು.
ಎರಡು ಸಲ ಬಾಯೊಳಗೇ ಹೇಳಿ ನೋಡಿಕೊಂಡಳು ಅಮ್ಮ,
ನಲವತ್ತು ವರ್ಷ ತೊಟ್ಟ ಅಂಗಿಯಲ್ಲಿ
ಈಗ ಜೇಬು ಸಿಕ್ಕವಳ ಹಾಗೆ.
‘ಹಾಗೇ ಅನ್ನೋದು,’ ಅಂದಳು.

ಜ್ಲಾತ ಆಗಲೇ ಹೊಸ ಕಡತ ತೆರೆದಾಗಿತ್ತು.
ಒಂದು ವೇಳೆ,